ದ್ವೀಪಕ್ಕಾಗಿ ಬರೆದ ನಲವತ್ತೊಂದು ಭಯಗಳು

ಸಾಮಾನು ತರುವ ಹಡಗು ಎರಡು ತಿಂಗಳು ಬಾರದೆ ಇರಬಹುದಿತ್ತು. ಬಂದರೂ ಅಕ್ಕಿಯ ಬದಲು ಸಿಮೆಂಟು ಹೊತ್ತು ತರಬಹುದಿತ್ತು. ಇದ್ದ ಒಂದೇ ಜನರೇಟರಿಗೆ ಬಿಡಿಭಾಗ ಮಾಡುವ ಕಾರ್ಖಾನೆ ಭೂಮಿಯ ಇನ್ನೊಂದು ಮೂಲೆಯಲ್ಲಿ ಸದ್ದಿಲ್ಲದೆ ಬಾಗಿಲು ಹಾಕಬಹುದಿತ್ತು. ಇದ್ದ ಒಬ್ಬರೇ ಹಲ್ಲಿನ ಡಾಕ್ಟರು ಮಗಳ ಮನೆಗೆಂದು ಹೋದವರು ಹಿಂದಿರುಗದಿರಬಹುದಿತ್ತು. ಮೀನಿನ ಹಿಂಡು ಪಕ್ಕದ ಸಮುದ್ರಕ್ಕೆ ಸರಿಯಬಹುದಿತ್ತು. ಬಿರುಗಾಳಿ ಎದ್ದು ಒಂದೇ ದಿನದಲ್ಲಿ ಬಾಳೆತೋಟಗಳೆಲ್ಲ ಮಲಗಬಹುದಿತ್ತು. ಹೊಸ ನೋಟು ಅಚ್ಚು ಹಾಕಿಸಿ ತಂದ ಮೇಲೆ, ನೆರೆ ದ್ವೀಪದ ಅಂಗಡಿಯವನು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ ನಯವಾಗಿ ವಾಪಸು ಕೊಡಬಹುದಿತ್ತು. ಮಂತ್ರಿಗಳಾಗಲು ಬೇಕಾದಷ್ಟು ಜನ ಸಿಕ್ಕಿ, ಗುಮಾಸ್ತರಾಗಲು ಒಬ್ಬರೂ ಸಿಗದಿರಬಹುದಿತ್ತು. ಹಳೆಯ ಪಾಸ್‌ಪೋರ್ಟ್ ಹೋಗಿ ಹೊಸತು ಬರುವ ನಡುವೆ ಯಾರಿಗಾದರೂ ಹೊರದೇಶದ ಆಸ್ಪತ್ರೆಯೇ ಬೇಕಾಗಬಹುದಿತ್ತು.

ಇದು ದ್ವೀಪದ ಪಾಲಿನದು. ನನ್ನ ಪಾಲಿನದು ಬೇರೆ ಇತ್ತು. ನನ್ನ ವೀಸಾಕ್ಕೆ ಹೊಣೆ ನಿಂತ ಸ್ಪಾನ್ಸರ್ ಮನಸ್ಸು ಬದಲಿಸಬಹುದಿತ್ತು. ನಮ್ಮ ಆಫೀಸಿನ ಸಾಹೇಬರಿಗೆ ಹೃದಯಾಘಾತವಾಗಬಹುದಿತ್ತು. ಅವರು ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದ ರೀತಿ ನೋಡಿದರೆ ಅದು ಅಂಥ ದೂರದ ಮಾತಾಗಿರಲಿಲ್ಲ. ನಮ್ಮ ಮದುವೆಯ ಸರ್ಟಿಫಿಕೇಟಿಗೆ ಸೀಲು ಹಾಕಬೇಕಾದ ಅಧಿಕಾರಿ ರಜೆಯ ಮೇಲೆ ಹೋಗಬಹುದಿತ್ತು. ಮಗಳಿಗೆ ದೋಹಾದ ಇಂಡಿಯನ್ ಶಾಲೆಯಲ್ಲಿ ಸೀಟು ಸಿಗದಿರಬಹುದಿತ್ತು. ಎಲ್ಲವೂ ಸರಿಯಾಗಿ ಕೊನೆಗೆ ವಿಮಾನ ನಿಲ್ದಾಣದಲ್ಲಿ ಅವಳು ನನ್ನನ್ನು ದಾಟಿಕೊಂಡು, ಹಿಂದೆ ನಿಂತ ಇನ್ನಾರೋ ಅಪ್ಪನ ಕಡೆಗೆ ನೋಡಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಕತಾರ್ ದೇಶದ ದೋಹಾದ ಅಲ್ ಸದ್ದ್ ಬಡಾವಣೆಯಲ್ಲಿ, ಪರದೆ ಬಟ್ಟೆ ಮಾರುವ ಅಂಗಡಿಯ ಮೇಲಿನ ಮೂರನೆಯ ಮಹಡಿಯ ಎರಡು ಕೋಣೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಒಂದು ಕೋಣೆಯಲ್ಲಿ ಸಾಹೇಬರು. ಇಂಗ್ಲೆಂಡಿನವರು, ಅರ್ಥಶಾಸ್ತ್ರಜ್ಞರು, ಸಣ್ಣ ಸಣ್ಣ ದೇಶಗಳ ಸರ್ಕಾರಗಳಿಗೆ ವರದಿ ಬರೆದು ಕೊಡುವುದು ಅವರ ಕಸುಬು. ಇನ್ನೊಂದು ಕೋಣೆಯಲ್ಲಿ ನಾನು, ಕಂಪ್ಯೂಟರು, ಪ್ರಿಂಟರು ಮತ್ತು ಫ್ಯಾಕ್ಸ್ ಯಂತ್ರ. ಬೆಳಿಗ್ಗೆ ಏಳೂವರೆಗೆ ಎ.ಸಿ. ಹಾಕಿದರೆ ಸಂಜೆಯವರೆಗೆ ಅದರ ಗುಂಯ್ ಸದ್ದು. ಆ ಸದ್ದಿನೊಳಗೆ ಕೂತು ಕೂತು ನನಗೆ ಸಂತೋಷ, ಬೇಸರ ಎರಡೂ ಒಂದೇ ಉಷ್ಣತೆಗೆ ಬಂದುಬಿಟ್ಟಿದ್ದವು. ಭಯ ಮಾತ್ರ ಹಾಗೆಯೇ ಉಳಿದಿತ್ತು. ಅದು ನನಗೆ ಚಿಕ್ಕಂದಿನಿಂದ ಇರುವ ಅಭ್ಯಾಸ, ಕೆಲವರಿಗೆ ನಶ್ಯ ಇದ್ದ ಹಾಗೆ.

ಆ ವರ್ಷ ಸಾಹೇಬರ ಕೈಗೆ ಒಂದು ದ್ವೀಪ ಬಂತು. ಅದರ ಹೆಸರು ಬರೆಯುವುದಿಲ್ಲ. ಗುಟ್ಟು ಹೊರಬಿಡುವುದಿಲ್ಲವೆಂದು ಆಗ ಒಂದು ಕಾಗದಕ್ಕೆ ಸಹಿ ಹಾಕಿದ್ದೆ. ಆ ಕಾಗದ, ಅದನ್ನು ಇಟ್ಟುಕೊಂಡ ಆಫೀಸು ಎರಡೂ ಈಗಿಲ್ಲ, ಆದರೂ ಯಾಕೆ ಬೇಕು. ನಮ್ಮಿಂದ ಬಹಳ ಪಶ್ಚಿಮಕ್ಕೆ, ಇನ್ನೊಂದು ಮಹಾಸಾಗರದಲ್ಲಿದ್ದ ಪುಟ್ಟ ದ್ವೀಪ. ದೂರದ ದೊಡ್ಡ ದೇಶವೊಂದು ಅದನ್ನು ತಲೆಮಾರುಗಳಿಂದ ಆಳುತ್ತಿತ್ತು. ಆ ದೇಶವೇ ಈಗ, ಬೇಕಾದರೆ ನೀವೇ ನಡೆಸಿಕೊಂಡು ಹೋಗಿ ಎಂದಿತ್ತು. ಬಿಟ್ಟರೆ ಬದುಕಿಯೇವೇ, ತಿನ್ನುವುದೇನು, ಮಾರುವುದೇನು, ಯಾರ ದುಡ್ಡು ಚಲಾಯಿಸುವುದು ಎಂದು ತಿಳಿಯಲು ದ್ವೀಪದ ಮಂಡಳಿಯವರು ವರದಿ ಕೇಳಿದ್ದರು. ದೊಡ್ಡ ದೇಶದಲ್ಲಿ ಕೂತವರು ಸಣ್ಣವರ ಬಗ್ಗೆ ಬರೆದದ್ದು ಬೇಡ, ಸಣ್ಣ ದೇಶದಲ್ಲಿ ಕೂತವರೇ ಬರೆಯಲಿ ಎಂದು ದೋಹಾದ ನಮ್ಮನ್ನು ಆರಿಸಿಕೊಂಡಿದ್ದರಂತೆ.

ಆ ದ್ವೀಪ ಸ್ವತಂತ್ರವಾದರೆ ನನ್ನ ಹೆಂಡತಿ ಮತ್ತು ಮಗಳು ದೋಹಾಕ್ಕೆ ಬರಬಹುದಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಸಂಸಾರ ಕರೆಸಿಕೊಳ್ಳಬೇಕಾದರೆ ನಮ್ಮ ವೀಸಾದ ಮೇಲೆ ಇರುವ ಹುದ್ದೆಯ ಹೆಸರು ನೋಡುತ್ತಿದ್ದರು. ಟೈಪಿಸ್ಟನ ಹೆಂಡತಿಗೆ ಆ ಕಾಲದಲ್ಲಿ ಇಲ್ಲಿ ಜಾಗವಿರಲಿಲ್ಲ. ಸಾಹೇಬರು ಒಂದು ದಿನ ಚಹಾ ಕುಡಿಯುತ್ತಾ ಹೇಳಿದರು: ದ್ವೀಪದವರು ಹೂಂ ಎಂದರೆ ನಮಗೆ ಮೂರು ವರ್ಷದ ಕೆಲಸ ಸಿಗುತ್ತದೆ, ಅವರ ಬ್ಯಾಂಕು, ಅವರ ಬಂದರು, ಅವರ ಸುಂಕ ಎಲ್ಲವನ್ನೂ ನಾವೇ ಬರೆದುಕೊಡಬೇಕು, ಆಗ ನಿನ್ನನ್ನು ರಿಸರ್ಚ್ ಅಸಿಸ್ಟೆಂಟ್ ಮಾಡಿಸುತ್ತೇನೆ. ಬೇಡ ಎಂದರೆ ಈ ಆಫೀಸನ್ನು ಇಟ್ಟುಕೊಂಡು ನಾನಾದರೂ ಏನು ಮಾಡಲಿ.

ನಮ್ಮ ಮದುವೆಯಾಗಿ ಆಗಲೇ ಹನ್ನೆರಡು ವರ್ಷ. ಎರಡು ವರ್ಷಕ್ಕೊಮ್ಮೆ ನಲವತ್ತೈದು ದಿನ ರಜೆ. ಒಟ್ಟು ಎಷ್ಟು ದಿನ ಒಟ್ಟಿಗಿದ್ದೆವು ಎಂದು ಒಮ್ಮೆ ಲೆಕ್ಕ ಹಾಕಲು ಕೂತು ಅರ್ಧದಲ್ಲಿ ಎದ್ದಿದ್ದೆ.

ವರದಿಯ ಕರಡನ್ನು ಟೈಪು ಮಾಡುತ್ತಾ ನಾನು ಸುಮ್ಮನಿರಬಹುದಿತ್ತು. ಆಗಲಿಲ್ಲ. ಸಾಹೇಬರು ‘ವಿದ್ಯುತ್ ಪೂರೈಕೆ ತೃಪ್ತಿಕರ’ ಎಂದು ಬರೆದಿದ್ದರು. ನಾನು ಪೆನ್ಸಿಲಿನಲ್ಲಿ ಬದಿಗೆ, ‘ಜನರೇಟರು ಒಂದೇ ಅಲ್ಲವೇ, ಅದು ಕೆಟ್ಟರೆ?’ ಎಂದು ಗೀಚಿದೆ. ಎರಡು ದಿನ ಬಿಟ್ಟು ಅವರು ನನ್ನನ್ನು ಕರೆದರು. ಬೈಗುಳ ತಿನ್ನಲು ತಯಾರಾಗಿ ಹೋದೆ. ಅವರು ಕನ್ನಡಕ ಒರೆಸಿಕೊಂಡು, “ಇಂಥವು ನಿನ್ನ ಹತ್ತಿರ ಇನ್ನೂ ಇವೆಯೇ?” ಎಂದರು. ಇವೆ ಎಂದೆ. ಹಾಗಾದರೆ ವರದಿಯ ಕೊನೆಗೆ ಒಂದು ಅನುಬಂಧ ಇರಲಿ, ಏನೇನು ತಪ್ಪಬಹುದು ಎಂದು ಪಟ್ಟಿ ಮಾಡು ಎಂದರು. ನನ್ನ ಆಯುಷ್ಯದಲ್ಲಿ ನನ್ನ ಭಯಕ್ಕೆ ಒಬ್ಬರು ಕುರ್ಚಿ ಹಾಕಿ ಕೂರಿಸಿದ್ದು ಅದೊಂದೇ ಸಲ. ಒಂದು ವಾರದಲ್ಲಿ ನಲವತ್ತೊಂದು ಬರೆದೆ. ಇನ್ನೂ ಬರೆಯುತ್ತಿದ್ದೆ, ಪುಟ ಮುಗಿಯಿತೆಂದು ಸಾಹೇಬರು ತಡೆದರು.

ದ್ವೀಪ ಹೂಂ ಎನ್ನಬೇಕು ಎಂದು ಹರಕೆ ಹೊತ್ತವನೇ, ಅದು ಯಾಕೆ ಉಹೂಂ ಎನ್ನಬೇಕು ಎಂಬುದಕ್ಕೆ ನಲವತ್ತೊಂದು ಕಾರಣ ಬರೆದುಕೊಟ್ಟಿದ್ದೇನೆ ಎಂಬುದು ನನಗೆ ಹೊಳೆದದ್ದು ಅದನ್ನು ಕಳಿಸಿಯಾದ ಮೇಲೆ. ರೂಮಿನಲ್ಲಿ ಹೇಳಿದೆ. ನನ್ನ ಜೊತೆ ಇದ್ದವರು ಉಳ್ಳಾಲ ಕಡೆಯ ಬ್ಯಾರಿ, ನನಗಿಂತ ಹತ್ತು ವರ್ಷ ಹಿರಿಯರು, ಹತ್ತಿರದಲ್ಲೇ ಗ್ರೋಸರಿ ಅಂಗಡಿ ನೋಡಿಕೊಳ್ಳುತ್ತಿದ್ದರು. ನಾನು ಅವರನ್ನು ಕಾಕ ಎನ್ನುತ್ತಿದ್ದೆ. ಊರಲ್ಲಿ ನಾನು ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ ಎಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ಮಾಷ್ಟ್ರೇ ಎನ್ನುತ್ತಿದ್ದರು.

“ನಲವತ್ತೊಂದು ಬರ್ದದ್ದಾ?” ಎಂದರು ಕಾಕ, ಈರುಳ್ಳಿ ಹೆಚ್ಚುತ್ತಾ. “ಒಳ್ಳೆ ಕೆಲಸ. ನಿಮ್ಮನ್ನು ನಲವತ್ತೇಳರಲ್ಲಿ ಡೆಲ್ಲಿಗೆ ಕಳ್ಸಿದ್ರೆ ಬ್ರಿಟಿಷರು ಇವತ್ತಿಗೂ ಅಲ್ಲೇ ಇರ್ತಿದ್ರು ಮಾಷ್ಟ್ರೇ.”

ಕರಡು ತಲುಪಿ ತಿಂಗಳಾಗುವುದರೊಳಗೆ ಮಂಡಳಿಯಿಂದ ಒಬ್ಬರು ನಾಲ್ಕು ದಿನಕ್ಕೆ ದೋಹಾ ನೋಡಲು ಬಂದರು. ಹೆಂಗಸು, ಅರವತ್ತು ದಾಟಿದವರು, ಶಾಲೆಯ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಹುಲ್ಲಿನ ಟೋಪಿ, ಗಟ್ಟಿ ಚಪ್ಪಲಿ, ಕೈಯಲ್ಲಿ ನಮ್ಮ ವರದಿ. ಅದರ ಕೊನೆಯ ಪುಟಗಳ ಅಂಚು ಮಾತ್ರ ಮಾಸಿದ್ದನ್ನು ನಾನು ನೋಡಿದೆ. ಸಾಹೇಬರಿಗೆ ಬಿಸಿಲು ಆಗುತ್ತಿರಲಿಲ್ಲ, ಹಾಗಾಗಿ ಹೆಡ್‌ಮಿಸ್‌ರನ್ನು ಸುತ್ತಾಡಿಸುವ ಕೆಲಸ ನನಗೆ ಬಂತು. ಅವರು ಆಡಿದ್ದು ಇಂಗ್ಲಿಷು. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಡಲದಂಡೆಯ ಹೊಸ ಕಟ್ಟಡಗಳನ್ನು ತೋರಿಸಿದರೆ ಅವರು ಕಾರಿನಿಂದ ಇಳಿಯಲಿಲ್ಲ. ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದ ಬೇಲಿಯ ಹೊರಗೆ ಮಾತ್ರ ಇಳಿದು ಹತ್ತು ನಿಮಿಷ ನಿಂತರು.

“ಇದು ನಿಂತರೆ?” ಎಂದರು.

“ಕೆಲವು ದಿನಕ್ಕೆ ಆಗುವಷ್ಟು ಸಂಗ್ರಹ ಇರುತ್ತದೆ ಅನ್ನುತ್ತಾರೆ,” ಎಂದೆ. “ನನ್ನ ಮಂಚದ ಅಡಿಯಲ್ಲಿ ಹನ್ನೆರಡು ಬಾಟಲಿ ಇವೆ.”

ಅವರು ನನ್ನನ್ನು ತಿರುಗಿ ನೋಡಿದರು. “ಅನುಬಂಧ ಬರೆದದ್ದು ನೀವು,” ಎಂದರು. ಕೇಳಲಿಲ್ಲ, ಹೇಳಿದರು. ನಾನು ತಲೆಯಾಡಿಸಿದೆ. ಅವರು ಮತ್ತೆ ಬೇಲಿಯ ಕಡೆ ನೋಡತೊಡಗಿದರು.

ದುಡ್ಡಿನ ಪ್ರಶ್ನೆ ಅವರನ್ನು ಬಹಳ ಕಾಡುತ್ತಿತ್ತು. ಆಳುವ ದೇಶದ ನೋಟು ಬಿಟ್ಟು ಸ್ವಂತದ್ದು ಮಾಡಿಕೊಂಡರೆ ಯಾರು ಮುಟ್ಟುತ್ತಾರೆ ಎಂಬುದು. ನಮ್ಮ ಕಟ್ಟಡದ ಯಜಮಾನ, ವಯಸ್ಸಾದ ಕತಾರಿ, ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಅವರಿಗೆ ಹಿಂದಿ ಬರುತ್ತಿತ್ತು. ಯೌವನದಲ್ಲಿ ಮುತ್ತು ಮಾರಲು ಬೊಂಬಾಯಿಗೆ ಹೋಗುತ್ತಿದ್ದವರು. ಹೆಡ್‌ಮಿಸ್‌ರ ಪ್ರಶ್ನೆಯನ್ನು ನಾನು ಹಿಂದಿಯಲ್ಲಿ ಕೇಳಿದೆ. ಅವರು ನನ್ನ ಕಡೆ ಬೆರಳು ತೋರಿಸಿದರು. “ನಮ್ಮ ದುಡ್ಡು ಇವರದ್ದೇ ಆಗಿತ್ತು. ರೂಪಾಯಿ. ಆಮೇಲೆ ನಮ್ಮದು ಬಂತು. ಮೊದಮೊದಲು ಹೆಂಗಸರು ಅದನ್ನು ಡಬ್ಬಿಯ ಮೇಲೆ ಇಡುತ್ತಿದ್ದರು, ರೂಪಾಯಿಯನ್ನು ಡಬ್ಬಿಯ ಒಳಗೆ. ಆಮೇಲೆ ಇದೂ ಒಳಗೆ ಹೋಯಿತು. ಖಲಾಸ್.”

“ಎಷ್ಟು ಕಾಲ ಹಿಡಿಯಿತು?”

“ಯಾರು ನೋಡಿಕೊಂಡರು,” ಎಂದರು ಅವರು.

ನಿಮಗೆ ಗ್ಯಾಸು, ಎಣ್ಣೆ ಇತ್ತಲ್ಲ, ನಮಗೆ ಬಾಳೆ ಮಾತ್ರ ಎಂದು ಹೆಡ್‌ಮಿಸ್ ನನ್ನ ಮೂಲಕ ಹೇಳಿಸಿದರು. ಯಜಮಾನರು, ತಮ್ಮ ಅಪ್ಪನ ಕಾಲದಲ್ಲಿ ಮುತ್ತೂ ಹೋಗಿ ಎಣ್ಣೆಯೂ ಬಾರದೆ ಇದ್ದ ವರ್ಷಗಳಲ್ಲಿ ಖರ್ಜೂರ, ಮೀನು ಮಾತ್ರ ಇತ್ತು ಎಂದರು. ಬಾಳೆ ಇರಲಿಲ್ಲ ಎಂದೂ ಸೇರಿಸಿದರು. ಹೆಡ್‌ಮಿಸ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಮೂರನೆಯ ದಿನ ಮಧ್ಯಾಹ್ನ ಅವರು ನಮ್ಮ ರೂಮಿಗೆ ಊಟಕ್ಕೆ ಬಂದರು. ಹೋಟೆಲಿನ ಊಟ ಸಾಕಾಯಿತು ಎಂದು ಅವರೇ ಕೇಳಿದ್ದು. ಕಾಕ ಆ ದಿನ ಅಂಗಡಿಯಿಂದ ಬೇಗ ಬಂದು ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ಮಾಡಿದ್ದರು. ಹೆಡ್‌ಮಿಸ್ ಮೀನಿನ ತಲೆಯನ್ನು ಕೈಯಲ್ಲೇ ಬಿಡಿಸಿ ತಿಂದರು. ಅದನ್ನು ನೋಡಿದ ಮೇಲೆ ಕಾಕನಿಗೆ ಧೈರ್ಯ ಬಂತು.

“ಮಾಷ್ಟ್ರೇ, ಅವರಿಗೆ ಸ್ವಾತಂತ್ರ್ಯ ಸಿಕ್ಕಿದ್ರೆ ನಮಗೆ ವೀಸಾ ಉಂಟಾ ಕೇಳಿ.”

“ಎಂತ ಮಾತಾಡ್ತೀರಿ ಕಾಕ.”

“ಕೇಳಿ ಮಾರಾಯ್ರೇ. ಹೊಸ ದೇಶ ಅಂದ್ಮೇಲೆ ಗ್ರೋಸರಿ ಬೇಡ್ವಾ? ನನ್ನ ತಂಗಿ ಮಗ ಒಬ್ಬ ಸುಮ್ನೆ ಕೂತಿದ್ದಾನೆ.”

ಕೇಳಿದೆ. ಅವರು ಬಹಳ ನಕ್ಕರು. ಆಮೇಲೆ ಗಂಭೀರವಾಗಿ, ಮೊದಲು ವೀಸಾ ಕೊಡುವವನಿಗೆ ಒಂದು ಕುರ್ಚಿ ಆಗಬೇಕು ಎಂದರು. ತಮ್ಮಲ್ಲಿ ಶಾಲೆ ಮುಗಿಸಿದ ಮಕ್ಕಳೆಲ್ಲ ಆ ದೊಡ್ಡ ದೇಶಕ್ಕೆ ಹೋಗುತ್ತಾರೆ, ತಾವು ಮೂವತ್ತು ವರ್ಷ ಕಲಿಸಿದ ಮಕ್ಕಳಲ್ಲಿ ಊರಲ್ಲಿ ಉಳಿದವರನ್ನು ಚರ್ಚಿನ ಒಂದು ಸಾಲಿನಲ್ಲಿ ಕೂರಿಸಬಹುದು ಎಂದರು. ನಾನು ಕಾಕನಿಗೆ ಹೇಳಿದೆ.

“ಹಾಗಾದ್ರೆ ಅವರದ್ದೂ ನಮ್ಮ ಹಾಗೇ,” ಎಂದರು ಕಾಕ. “ಇನ್ನೊಂದು ತುಂಡು ಮೀನು ಹಾಕಿ ಅವರಿಗೆ.”

ತಟ್ಟೆ ತೊಳೆಯಲು ಏಳುವಾಗ ಅವರು ಗೋಡೆಯ ಮೇಲಿದ್ದ ಫೋಟೋ ನೋಡಿದರು. “ಮಗಳಿಗೆ ಎಷ್ಟು ವರ್ಷ?”

“ಒಂಬತ್ತು,” ಎಂದೆ. ಆಮೇಲೆ ನೆನಪಾಗಿ, “ಅಲ್ಲ, ಹತ್ತು. ಫೋಟೋದಲ್ಲಿ ಒಂಬತ್ತು,” ಎಂದೆ. ಅವರು ತಟ್ಟೆ ಎತ್ತಿಕೊಂಡು ನಲ್ಲಿಯ ಕಡೆ ಹೋದರು. ನನಗೆ ಆ ಕ್ಷಣದಲ್ಲಿ ಏನೂ ಅನ್ನಿಸಿದ ನೆನಪಿಲ್ಲ. ಎ.ಸಿ.ಯ ಗಾಳಿಗೆ ಫೋಟೋದ ಮೂಲೆ ಅಲ್ಲಾಡುತ್ತಿತ್ತು. ಅಲ್ಲಿಗೆ ಇನ್ನೊಂದು ಟೇಪು ಹಚ್ಚಬೇಕು ಎಂದುಕೊಂಡೆ.

ಹೊರಡುವ ದಿನ ಏರ್‌ಪೋರ್ಟಿಗೆ ಹೋಗುವಾಗ ಕಾರಿನಲ್ಲಿ ಅವರು ನೇರವಾಗಿ ಹೇಳಿದರು. ಮಂಡಳಿಯಲ್ಲಿ ಒಂಬತ್ತು ಜನ. ನಾಲ್ವರು ಹೂಂ, ನಾಲ್ವರು ಉಹೂಂ. ಮುಂದಿನ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕೈ ಎತ್ತುವುದು. ಒಂಬತ್ತನೆಯ ಕೈ ತಮ್ಮದು.

“ಹೂಂ ಎನ್ನಬೇಕೆಂದೇ ನನ್ನ ಮನಸ್ಸು,” ಎಂದರು. “ನಿಮ್ಮ ಅನುಬಂಧ ಒಂದು ಅಡ್ಡ ಬರುತ್ತಿದೆ. ಅದನ್ನು ಊರಲ್ಲಿ ಕೂತು ಮತ್ತೆ ಓದುತ್ತೇನೆ. ಕೇಳುವುದಿದ್ದರೆ ಒಂದೇ ಪ್ರಶ್ನೆ ಇರುತ್ತದೆ, ಫ್ಯಾಕ್ಸಿನಲ್ಲಿ ಕಳಿಸುತ್ತೇನೆ. ಶನಿವಾರದೊಳಗೆ ಉತ್ತರ ಬಂದರೆ ಕೈ ಎತ್ತುತ್ತೇನೆ.”

ಅವರಿಗೆ ಎಲ್ಲವನ್ನೂ ಬರೆದುಕೊಟ್ಟೆ. ದೇಶದ ಕೋಡು, ನಂಬರು. ಅವರ ಗಡಿಯಾರ ನಮ್ಮದಕ್ಕಿಂತ ಏಳು ಗಂಟೆ ಹಿಂದೆ. ಗುರುವಾರ ನಮಗೆ ಅರ್ಧ ದಿನ, ಶುಕ್ರವಾರ ರಜೆ. ಆದರೆ ಫ್ಯಾಕ್ಸ್ ಯಂತ್ರಕ್ಕೆ ರಜೆ ಇಲ್ಲ. ನೀವು ಯಾವಾಗ ಕಳಿಸಿದರೂ ಬಂದಿರುತ್ತದೆ. ಶನಿವಾರ ಬೆಳಗ್ಗೆ ಆರಕ್ಕೇ ಬಂದು ಸಾಹೇಬರಿಗೆ ಫೋನು ಮಾಡಿ ಉತ್ತರ ಬರೆಸುತ್ತೇನೆ. ನೀವು ಎದ್ದು ಕಾಫಿ ಕುಡಿಯುವ ಹೊತ್ತಿಗೆ ಅದು ನಿಮ್ಮ ಮಂಡಳಿಯ ಕಚೇರಿಯಲ್ಲಿರುತ್ತದೆ. ಅವರ ಮನೆಯ ಫೋನ್ ನಂಬರು ಕೇಳಲಿಲ್ಲ. ಹೆಂಗಸರ ಮನೆಯ ನಂಬರು ಕೇಳುವುದು ಸರಿಯಲ್ಲ ಎಂದು ನನ್ನನ್ನು ಬೆಳೆಸಿದ್ದರು.

ಆ ತಿಂಗಳು ನನಗೆ ಭರವಸೆ ಬಂದುಬಿಟ್ಟಿತು. ಅಭ್ಯಾಸವಿಲ್ಲದ್ದರಿಂದ ಅದು ಹೊಟ್ಟೆಯ ತೊಂದರೆ ಎಂದುಕೊಂಡು ಎರಡು ದಿನ ಮಜ್ಜಿಗೆ ಕುಡಿದೆ. ಆಮೇಲೆ ಹೆಂಡತಿಗೆ ಫೋನು ಮಾಡಿದೆ. ಅವಳು ಅಣ್ಣನ ಮನೆಗೆ ಬಂದು ಫೋನು ತೆಗೆದುಕೊಳ್ಳುತ್ತಿದ್ದಳು. ಹುದ್ದೆ ಬದಲಾದ ದಿನವೇ ಅರ್ಜಿ ಹಾಕಬೇಕು, ಮದುವೆಯ ಸರ್ಟಿಫಿಕೇಟು, ಮಗಳ ಜನನ ಪತ್ರ, ಶಾಲೆಯ ಕಾಗದ, ಪಾಸ್‌ಪೋರ್ಟಿನ ಪುಟಗಳು, ಇಷ್ಟನ್ನೂ ಪೇಟೆಯ ಫ್ಯಾಕ್ಸ್ ಬೂತಿನಿಂದ ಆಫೀಸಿಗೆ ಕಳಿಸು ಎಂದೆ.

“ಆಫೀಸಿಗಾ? ನಿಮ್ಮ ಸಾಹೇಬ್ರು ನೋಡಿದ್ರೆ?”

“ಅದಕ್ಕೇ ಹೇಳುದು. ತಿಂಗಳ ಕೊನೇ ಗುರುವಾರ ಮಧ್ಯಾಹ್ನದ ಮೇಲೆ ಕಳ್ಸು. ಆಫೀಸಲ್ಲಿ ಯಾರೂ ಇರುದಿಲ್ಲ.”

“ಸರಿ ಬರ್ತದಾ? ಆಚೆ ಮನೆಯವರದ್ದು ಕಪ್ಪು ಕಪ್ಪು ಹೋಗಿ ಪುನಃ ಕಳ್ಸಿದ್ದಂತೆ.”

“ಬರ್ತದೆ.”

“ನೀವು ಬರ್ತದೆ ಅಂತ ಹೇಳುದು ನಾನು ಇದೇ ಮೊದಲು ಕೇಳುದು,” ಎಂದಳು. ನಗುತ್ತಿದ್ದಳೋ ಏನೋ, ಲೈನಿನಲ್ಲಿ ಗೊರಗೊರ ಸದ್ದಿತ್ತು.

ಆ ಕೊನೆಯ ವಾರ ಸೋಮವಾರ, ಮಂಗಳವಾರ, ಬುಧವಾರ ದ್ವೀಪದಿಂದ ಏನೂ ಬರಲಿಲ್ಲ. ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಕಿಟಕಿ ಮುಚ್ಚಿದೆ, ಪ್ಲಗ್ಗುಗಳನ್ನು ತೆಗೆದೆ, ಫ್ಯಾಕ್ಸಿನ ಪ್ಲಗ್ಗು ಮಾತ್ರ ತೆಗೆಯಲಿಲ್ಲ. ಬಾಗಿಲು ಹಾಕಿ ಕೆಳಗೆ ಹೋದವನು ಮತ್ತೆ ಹತ್ತಿ ಬಂದು, ತೆಗೆದಿಲ್ಲ ಎಂದು ನೋಡಿಕೊಂಡು ಹೋದೆ. ಶುಕ್ರವಾರ ಬಟ್ಟೆ ಒಗೆದೆ. ಕಾಕ ನಮಾಜಿಗೆ ಹೋಗಿ ಬಂದು ಮಲಗಿದರು. ನಾನು ಫೋಟೋಗೆ ಟೇಪು ಹಚ್ಚಿದೆ.

ಶನಿವಾರ ಆರಕ್ಕೆ ಹತ್ತು ನಿಮಿಷವಿರುವಾಗಲೇ ಆಫೀಸಿನ ಬಾಗಿಲು ತೆರೆದೆ. ಕತ್ತಲೆ ಕೋಣೆಯಲ್ಲಿ ಕೆಂಪು ದೀಪ ಒಂದು ಮಿಣುಕುತ್ತಿತ್ತು, ಯಂತ್ರ ಕುಂಯ್ ಕುಂಯ್ ಎನ್ನುತ್ತಿತ್ತು. ನೆಲದ ಮೇಲೆ ಕಾಗದ ಸುರುಳಿ ಸುರುಳಿಯಾಗಿ ಬಿದ್ದಿತ್ತು. ಅದರಲ್ಲಿ ದ್ವೀಪದ್ದು ಏನೂ ಇರಲಿಲ್ಲ. ಎಲ್ಲವೂ ಊರಿನವು. ಅವನ್ನು ಮಡಿಸಿ ಡ್ರಾಯರಿನಲ್ಲಿಟ್ಟು, ಯಂತ್ರವನ್ನು ಸರಿ ಮಾಡಿ, ದ್ವೀಪಕ್ಕೆ ಒಂದು ಸಾಲು ಕಳಿಸಿದೆ: ನಿಮ್ಮ ಪ್ರಶ್ನೆ ಕಳಿಸಿದ್ದರೆ ದಯವಿಟ್ಟು ಮತ್ತೊಮ್ಮೆ ಕಳಿಸಿ. ಅವರಲ್ಲಿ ಆಗ ಶುಕ್ರವಾರ ರಾತ್ರಿ ಹನ್ನೊಂದು. ಮಂಡಳಿಯ ಕಚೇರಿಗೆ ಬೀಗ. ಫೋನು ಮಾಡಿದೆ, ರಿಂಗಾಗುತ್ತಲೇ ಇತ್ತು. ಎಂಟಕ್ಕೆ ಮತ್ತೆ ಕಳಿಸಿದೆ, ಮಧ್ಯಾಹ್ನ ಮತ್ತೆ. ಸಾಹೇಬರು ಒಂಬತ್ತಕ್ಕೆ ಬಂದು ಕೇಳಿಸಿಕೊಂಡು, “ಕೇಳುವುದು ಏನೂ ಇರಲಿಕ್ಕಿಲ್ಲ, ಅದು ಒಳ್ಳೆಯ ಸೂಚನೆ,” ಎಂದರು. ಸಂಜೆ ಐದಕ್ಕೆ, ಅಂದರೆ ಅವರ ಹತ್ತಕ್ಕೆ, ನಾನು ಯಂತ್ರದ ಮುಂದೆ ಕೂತಿದ್ದೆ. ಐದೂವರೆಗೆ ಎ.ಸಿ. ಆರಿಸಿ ಮನೆಗೆ ಹೋದೆ.

ಭಾನುವಾರ ಅವರಿಗೆ ಚರ್ಚಿನ ದಿನ. ಸೋಮವಾರ ಸಂಜೆ ಫ್ಯಾಕ್ಸ್ ಬಂತು, ಕೈಬರಹದಲ್ಲಿ, ಹೆಡ್‌ಮಿಸ್‌ರ ದುಂಡು ಅಕ್ಷರ.

ಗುರುವಾರ ಸಂಜೆಯಿಂದ ಶುಕ್ರವಾರ ಸಂಜೆಯವರೆಗೆ ಎಂಟು ಸಲ ಪ್ರಯತ್ನಿಸಿದರಂತೆ. ನಮ್ಮ ಯಂತ್ರ ರಿಂಗಾಗುತ್ತಿತ್ತು, ತೆಗೆದುಕೊಳ್ಳುತ್ತಿರಲಿಲ್ಲ. ಶನಿವಾರ ಕಚೇರಿಗೆ ಹೋಗಲಿಲ್ಲ, ಸಭೆ ಇದ್ದದ್ದು ಚರ್ಚಿನ ಹಾಲಿನಲ್ಲಿ. ನಾವು ಕಳಿಸಿದ ಮೂರೂ ಸಾಲು ಅವರಿಗೆ ಸಿಕ್ಕಿದ್ದು ಈ ದಿನ ಬೆಳಿಗ್ಗೆ. ಉತ್ತರ ಸಿಗಲಿಲ್ಲ ಎಂದು ಸಭೆಯಲ್ಲಿ ಹೇಳಬೇಕಾಯಿತು. ಒಬ್ಬ ಸದಸ್ಯ ಎದ್ದು, ಸಣ್ಣ ದೇಶಕ್ಕೆ ಫೋನು ಮಾಡಿದರೆ ಹೀಗೇ, ನಾಳೆ ನಮಗೆ ಮಾಡಿದವರ ಪಾಡೂ ಇದೇ ಎಂದನಂತೆ. ಎಲ್ಲರೂ ನಕ್ಕರು, ನಾನೂ ನಕ್ಕೆ ಎಂದು ಬರೆದಿದ್ದರು. ವಿಷಯವನ್ನು ಮುಂದಿನ ವರ್ಷಕ್ಕೆ ಮುಂದೂಡಿದರು. ಅವರು ಕೈ ಎತ್ತಲಿಲ್ಲ. ಕೊನೆಗೆ, ನಿಮ್ಮ ತಿಳುವಳಿಕೆಗಾಗಿ ಎಂದು, ಕೇಳಬೇಕೆಂದಿದ್ದ ಪ್ರಶ್ನೆಯನ್ನು ಬರೆದಿದ್ದರು. ಅದು ಸಾಹೇಬರಿಗಲ್ಲ, ನನಗೆ. ‘ಈ ನಲವತ್ತೊಂದರಲ್ಲಿ, ನಿಮ್ಮ ಅನುಭವದಲ್ಲಿ, ನಿಜವಾಗಿ ಆಗುವುದು ಎಷ್ಟು?’

ಮುಂದಿನ ವರ್ಷ ಅದನ್ನು ಎತ್ತಿದರೋ ಇಲ್ಲವೋ ತಿಳಿಯದು. ಅಷ್ಟರಲ್ಲಿ ಆಫೀಸು ಮುಚ್ಚಿತ್ತು, ಸಾಹೇಬರು ಬೆಣ್ಣೆ ತಿನ್ನುತ್ತಲೇ ಆರೋಗ್ಯವಾಗಿ ಊರಿಗೆ ಹೋಗಿದ್ದರು. ನನಗೆ ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಟೈಪಿಸ್ಟ್ ಎಂದೇ. ಹೆಂಡತಿ, ಮಗಳು ಬರಲಿಲ್ಲ. ಹೆಡ್‌ಮಿಸ್‌ರ ಫ್ಯಾಕ್ಸ್ ಬಂದ ದಿನ ಅಳು ಬರಬಹುದು ಎಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ, ಪ್ರಿಂಟರಿನ ಧೂಳು ಒರೆಸಿದೆ.

ಕಾಕ ಮಾತ್ರ, “ಹೋಗ್ಲಿ ಬಿಡಿ ಮಾಷ್ಟ್ರೇ, ನನ್ನ ತಂಗಿ ಮಗನಿಗೆ ಮಸ್ಕತ್ತಲ್ಲಿ ಆಯ್ತು,” ಎಂದರು. ಆ ದಿನ ಪಾತ್ರೆ ತೊಳೆಯುವ ಸರದಿ ನನ್ನದಾಗಿದ್ದರೂ ಅವರೇ ತೊಳೆದರು.

ಅದೇ ವಾರದ ಶುಕ್ರವಾರ ಹೆಂಡತಿಗೆ ಫೋನು ಮಾಡಿ ಆಗಲಿಲ್ಲ ಎಂದೆ.

“ಯಾಕೆ, ಎಂತ ಆಯ್ತು?”

“ಅಲ್ಲಿಯವರು ಮುಂದೆ ಹಾಕಿದ್ರು.”

ಹಿಂದಿನಿಂದ ಮಗಳು ಏನೋ ಕೇಳುವುದು, ಇವಳು ಕೈಸನ್ನೆ ಮಾಡಿ ಸುಮ್ಮನಿರಿಸುವುದು ನನಗೆ ಇಲ್ಲಿಗೇ ಕಂಡಂತಾಯಿತು. ಆಮೇಲೆ ಕೇಳಿದಳು. “ನಮ್ಮ ಪೇಪರಿಂದ ಎಂತದೂ ತೊಂದ್ರೆ ಆದದ್ದಲ್ಲ ಅಲ್ವಾ? ಎಲ್ಲ ಸರಿ ಬಂದಿತ್ತಲ್ವಾ? ಬೂತಿನವ ಒಂದು ಸಲ ಸಾಕು ಅಂದ. ನೀವು ಹೆದರ್ತೀರಿ ಅಂತ ನಾನೇ ಹೇಳಿ ಎಲ್ಲವನ್ನೂ ಎರಡೆರಡು ಸಲ ಹಾಕ್ಸಿದ್ದು.”

“ಬಂದಿತ್ತು,” ಎಂದೆ. “ಎರಡು ಸಲದ್ದೂ ಚಂದ ಬಂದಿತ್ತು.”

ಫ್ಯಾಕ್ಸಿನ ಸುರುಳಿ ಮುಗಿಯಲು ಬಂದಾಗ ಕಾಗದದ ಅಂಚಿನಲ್ಲಿ ಒಂದು ಕೆಂಪು ಗೆರೆ ಕಾಣತೊಡಗುತ್ತದೆ. ಪೂರ್ತಿ ಮುಗಿದರೆ ಯಂತ್ರ ರಿಂಗಾಗುತ್ತದೆ, ತೆಗೆದುಕೊಳ್ಳುವುದಿಲ್ಲ. ನನಗೆ ಅದು ಬುಧವಾರವೇ ಕಂಡಿತ್ತು. ಹೊಸ ಸುರುಳಿ ನನ್ನ ಡ್ರಾಯರಿನಲ್ಲೇ ಇತ್ತು. ಇನ್ನೂ ಎರಡು ಮೂರು ಮೀಟರ್ ಇದೆ, ಒಂದು ಪ್ರಶ್ನೆಗೆ ಧಾರಾಳವಾಯಿತು, ನಾಲ್ಕು ಸರ್ಟಿಫಿಕೇಟಿಗೂ ಆಯಿತು ಎಂದು ಮನಸ್ಸಿನಲ್ಲೇ ಅಳೆದು ನೋಡಿದ್ದೆ. ಅಷ್ಟು ಒಳ್ಳೆಯ ಕಾಗದವನ್ನು ಎಸೆಯಲು ಮನಸ್ಸು ಬಂದಿರಲಿಲ್ಲ. ಶನಿವಾರ ಬೆಳಿಗ್ಗೆ ನೆಲದಿಂದ ಎತ್ತಿಕೊಂಡ ಆ ಉದ್ದನೆಯ ಹಾಳೆಯಲ್ಲಿ ಮದುವೆಯ ಸರ್ಟಿಫಿಕೇಟು ಎರಡು ಸಲ ಇತ್ತು, ಪಾಸ್‌ಪೋರ್ಟು ಎರಡು ಸಲ, ಶಾಲೆಯ ಕಾಗದ ಎರಡು ಸಲ. ಮಗಳ ಜನನ ಪತ್ರ ಒಂದು ಸಲ ಪೂರ್ತಿ ಬಂದಿತ್ತು. ಎರಡನೆಯ ಸಲದ್ದು ಮಗುವಿನ ಹೆಸರು, ಹುಟ್ಟಿದ ಊರು ದಾಟಿ ತಾಯಿಯ ಹೆಸರಿನವರೆಗೆ ಬಂದು, ತಂದೆಯ ಹೆಸರಿನ ಸಾಲು ಬರುವುದರೊಳಗೆ ನಿಂತಿತ್ತು. ಅಲ್ಲಿಗೆ ಕಾಗದ ಮುಗಿದಿತ್ತು.